ಮೈಲೇಜ್ ಹೆಚ್ಚಾಗದಿದ್ದರೆ ವಾಪಸ್

ಬಂಟ್ವಾಳದ ಹೆದ್ದಾರಿ ಬದಿಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಅದು ತಾನಾಗಿ ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ಮೇಲೆ ಕೂತು ಚಾ ಕೇಳುತ್ತದೆ. ಕ್ಲಚ್ ಪ್ಲೇಟು, ಬ್ರೇಕ್ ಲೈನರುಗಳಿಂದ ಆದದ್ದನ್ನೆಲ್ಲ ಬರೆಯಲು ಹೊರಟರೆ ಮುಗಿಯುವ ಮಾತಲ್ಲ. ಇಲ್ಲಿ ಹೇಳುವುದು ಒಂದು ಏರ್ ಫಿಲ್ಟರಿನ ವಿಷಯ ಮಾತ್ರ. ಅದರಿಂದಾಗಿ ನನ್ನ ಅತಿ ದೊಡ್ಡ ಗಿರಾಕಿ ಕೈಬಿಟ್ಟು ಹೋಗುವುದರಲ್ಲಿದ್ದರು. ಹೋಗಲಿಲ್ಲ. ಹಾಗಾಗಿ ಈಗ ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ.

ಉಸಿರಾಡಿ ನೋಡಿ

ಫಿಲ್ಟರ್ ತಂದವನು ಬೆಂಗಳೂರು ಕಡೆಯ ಸೇಲ್ಸಿನವ. ನಮ್ಮ ಸೆಕೆಯಲ್ಲಿಯೂ ತೋಳಿನ ಗುಂಡಿ ಬಿಚ್ಚದ ಜನ. ಮೇಜಿನ ಮೇಲೆ ಎರಡು ಫಿಲ್ಟರ್ ಇಟ್ಟ. ಒಂದು ಲಾರಿ ಕಂಪನಿಯವರದೇ ಕಾಗದದ್ದು. ಇನ್ನೊಂದು ಅವನದ್ದು: ಕೆಂಪು ಬಣ್ಣ, ಒಳಗೆ ಹತ್ತಿಯ ಬಟ್ಟೆ, ಹೊರಗೆ ತಂತಿಯ ಬಲೆ. ತೊಳೆದು, ಎಣ್ಣೆ ಹಚ್ಚಿ, ಮತ್ತೆ ಮತ್ತೆ ಹಾಕಬಹುದಂತೆ.

"ಸಾರ್, ಇಂಜಿನ್ನೂ ಮನುಷ್ಯನ ಥರಾನೇ. ಗಾಳಿ ಸಲೀಸಾಗಿ ಎಳ್ಕೊಂಡ್ರೆ ಊಟ ಕಮ್ಮಿ ಸಾಕು. ಅದೇ ಮೈಲೇಜ್ ಅನ್ನೋದು. ಬೇಕಾದ್ರೆ ಉಸಿರಾಡಿ ತೋರಿಸ್ತೀನಿ."

ಪಕ್ಕದ ಹೋಟೆಲಿನ ಭಟ್ರು ಆಗ ಚಿಲ್ಲರೆ ಕೇಳಲು ಬಂದವರು ಸಿಕ್ಕಿಬಿದ್ದರು. ಭಟ್ರದ್ದು ಭಾರೀ ಶರೀರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸೇಲ್ಸಿನವ ಅವರ ಬಾಯಿಗೆ ಮೊದಲು ಕಂಪನಿಯ ಫಿಲ್ಟರ್ ಹಿಡಿದು ಎಳೆಯಲು ಹೇಳಿದ, ಆಮೇಲೆ ತನ್ನದು. ಭಟ್ರು ಕಣ್ಣು ಮುಚ್ಚಿ ಎರಡೂ ಸಲ ಪ್ರಾಣಾಯಾಮ ಮಾಡಿದರು.

"ವ್ಯತ್ಯಾಸ ಗೊತ್ತಾಯ್ತಾ ಸಾರ್?"

"ಗೊತ್ತಾಯ್ತು ಮಾರಾಯ್ರೆ. ನಿಮ್ಮದ್ರಲ್ಲಿ ಗಾಳಿ ಲಾಯ್ಕ ಬರ್ತದೆ."

ಸೇಲ್ಸಿನವ ನನ್ನ ಕಡೆ ಗೆದ್ದವನ ಹಾಗೆ ನೋಡಿದ. ಭಟ್ರು ಹೊಟ್ಟೆ ಸವರಿಕೊಂಡರು. "ಆದ್ರೆ ಊಟ ಕಮ್ಮಿ ಸಾಕು ಹೇಳಿದ್ರಲ್ಲ, ಅದು ಮಾತ್ರ ಸುಳ್ಳು. ಎಳೆದೂ ಎಳೆದೂ ನನಗೆ ಹಸಿವು ಜಾಸ್ತಿ ಆಯ್ತು. ಎರಡು ಗೋಳಿಬಜೆ ತಿಂದು ಬರ್ತೇನೆ."

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಅವನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಗೆ ನನ್ನೊಬ್ಬನಿಗೇ ಕೊಡುವುದಾಗಿ ಹೇಳಿದ. ಮಾರಾಟ ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾನಂತೆ, ಆದರೆ ಒಂದು ಷರತ್ತು: ಡಬ್ಬದ ಮೇಲಿನ ಪ್ಲಾಸ್ಟಿಕ್ ಬಿಚ್ಚಿರಬಾರದು. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಮಾತು ಯಾವುದುಂಟು? ಇಳಿಸಿಕೊಂಡೆ.

ಬೋರ್ಡು

ಮಾಲು ಬಂದ ಮೇಲೆ ಬೋರ್ಡು ಬೇಡವೇ? ಪೈಂಟರನ್ನು ಕರೆಸಿ ದಪ್ಪ ಅಕ್ಷರದಲ್ಲಿ ಬರೆಸಿದೆ: "ಹೊಸ ಏರ್ ಫಿಲ್ಟರ್. ತೊಳೆಯಬಹುದು. ಮೈಲೇಜ್ ಹೆಚ್ಚಾಗದಿದ್ದರೆ ವಾಪಸ್."

ಇದನ್ನು ಓದಿ ನನ್ನ ಹೆಂಡತಿ, "ನಿಮಗೆ ಮಂಡೆ ಸರಿ ಉಂಟಾ? ಎಲ್ಲರೂ ವಾಪಸ್ ತಂದ್ರೆ?" ಎಂದಳು.

ಮಂಡೆ ಸರಿ ಇದ್ದ ಕಾರಣವೇ ಬರೆಸಿದ್ದು. ನಾನು ಇಷ್ಟು ವರ್ಷದಲ್ಲಿ ಕಂಡ ಹಾಗೆ ನಮ್ಮ ಕಡೆ ಮೈಲೇಜನ್ನು ಯಾರೂ ಅಳೆಯುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ಅರ್ಧ ಲಾರಿಗಳಲ್ಲಿ ಕಿಲೋಮೀಟರಿನ ಮುಳ್ಳು ಸತ್ತು ಹೋಗಿರುತ್ತದೆ. ಡ್ರೈವರ್ ಧಣಿಯ ಹತ್ತಿರ ಹೇಳುವ ಮೈಲೇಜ್ ಒಂದು, ಲಾರಿ ಸ್ಟ್ಯಾಂಡಿನಲ್ಲಿ ಗೆಳೆಯರ ಹತ್ತಿರ ಹೇಳುವುದು ಇನ್ನೊಂದು. ಅದೇ ಲಾರಿಯನ್ನು ಮಾರುವ ದಿವಸ ಧಣಿ ಹೇಳುವ ಮೈಲೇಜ್ ಕೇಳಿದರೆ ಡೀಸೆಲ್ ಹಾಕುವುದೇ ದಂಡ ಅನ್ನಿಸುತ್ತದೆ. ಹೀಗಿರುವಾಗ ಹೆಚ್ಚಾಯಿತೋ ಇಲ್ಲವೋ ಅಂತ ಸಾಧಿಸಲಿಕ್ಕೆ ಯಾರು ಬರುತ್ತಾರೆ?

ಮರುದಿನವೇ ಹಾಜ್ಯಾರ್ ಬಂದರು.

ಹಾಜ್ಯಾರಿಗೆ ಸಿದ್ಧಕಟ್ಟೆಯಲ್ಲಿ ಕೆಂಪುಕಲ್ಲಿನ ಕೋರೆ, ಕಲ್ಲು ಸಾಗಿಸುವ ಲಾರಿಗಳು. ಎಲ್ಲದರ ಸಾಮಾನೂ ನನ್ನಲ್ಲಿಂದಲೇ. ಅವರು ಒಂದು ಕಂಪನಿಯ ಟಯರ್ ಹಾಕಿದರೆ ಇಡೀ ಸ್ಟ್ಯಾಂಡು ಅದನ್ನೇ ಹಾಕುತ್ತದೆ. ಅವರು ಒಂದು ಅಂಗಡಿ ಬಿಟ್ಟರೆ ಸ್ಟ್ಯಾಂಡೂ ಬಿಡುತ್ತದೆ. ಬೊಬ್ಬೆ ಹೊಡೆಯುವ ಮನುಷ್ಯ ಅಲ್ಲ. ಬೋರ್ಡನ್ನು ಎರಡು ಸಲ ಓದಿದರು.

"ಇದು ನೀವೇ ಬರೆಸಿದ್ದಾ?"

"ಹೌದು ಹಾಜ್ಯಾರೇ."

"ಯೋಚನೆ ಮಾಡಿ?"

"ಮಾಡಿಯೇ."

"ಹಾಗಾದ್ರೆ ಒಂದು ಕೊಡಿ. ಬೆಳ್ತಂಗಡಿಗೆ ಹೋಗುವ ಹಳೇ ಲಾರಿಗೆ ಹಾಕಿಸ್ತೇನೆ. ಅದರ ಮುಳ್ಳು ಸತ್ತಿದೆ, ಪರವಾಗಿಲ್ಲ. ಅದೇ ಕಲ್ಲು, ಅದೇ ಜಾಗ. ಒಂದು ಲೋಡಿಗೆ ಎಷ್ಟು ಡೀಸೆಲ್ ಬೇಕು ಅಂತ ಹೋದ ತಿಂಗಳಿನದ್ದು ನನಗೆ ಗೊತ್ತುಂಟು. ಈ ತಿಂಗಳು ನಾನೇ ಕ್ಯಾಬಿನಿನಲ್ಲಿ ಕೂತು ನೋಡ್ತೇನೆ. ಡ್ರೈವರನ ಬಾಯಿ ಮಾತಲ್ಲಿ ಮೈಲೇಜ್ ನೋಡ್ಲಿಕ್ಕಾಗ್ತದಾ?"

ಹಾಜ್ಯಾರ್ ಗಲ್ಫಿನಲ್ಲಿ ಲಾರಿ ಯಾರ್ಡು ನೋಡಿಕೊಳ್ಳುತ್ತಿದ್ದವರು. ಅಲ್ಲಿ ಹನಿ ಹನಿ ಅಳೆಯುವುದು ಅಭ್ಯಾಸವಂತೆ. ಈ ವಿಷಯ ನನಗೆ ಮರೆತೇ ಹೋಗಿತ್ತು.

"ಹೆಚ್ಚಾದ್ರೆ ಎಲ್ಲ ಲಾರಿಗೂ ಒಂದೊಂದು. ಆಗದಿದ್ರೆ ಫಿಲ್ಟರ್ ಮಾತ್ರ ಅಲ್ಲ, ನಾನೂ ಇಲ್ಲ. ಕಲ್ಲಡ್ಕದಲ್ಲಿಯೂ ಅಂಗಡಿ ಉಂಟು," ಎಂದು ನಗುತ್ತಾ ಹೇಳಿ ಹೊರಟರು. ನಗುತ್ತಾ ಹೇಳಿದರೆ ಅವರದ್ದು ಕೊನೆಯ ಮಾತು.

ಮೂರು ತಾಲೂಕಿನಲ್ಲಿ ಮೈಲೇಜ್ ಅಳೆಯುವ ಮನುಷ್ಯ ಇದ್ದದ್ದು ಒಬ್ಬರೇ. ಅವರು ನನ್ನದೇ ಗಿರಾಕಿ ಆಗಬೇಕಾ!

ಮೂಡುಬಿದಿರೆಯ ಗಂಜಿ

ಹಾಜ್ಯಾರ ಅಳತೆಯ ತಿಂಗಳು ಶುರುವಾದ ವಾರದಲ್ಲೇ ಮೂಡುಬಿದಿರೆಯಿಂದ ಅಕ್ಕಿ ಮಿಲ್ಲಿನವರು ಬಂದರು. ಕೈಯಲ್ಲಿ ಸ್ಟೀಲ್ ಡಬ್ಬ, ಮುಖ ಕೆಂಡ. ಡಬ್ಬ ತೆರೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಬೂದು ಬಣ್ಣದ ಏನೋ ಮುದ್ದೆ.

"ಇದೆಂತ ಮಾರಾಯ್ರೆ? ಮನೆಯಿಂದ ಎಂತಾದ್ರೂ ಕೊಟ್ಟು ಕಳಿಸಿದ್ದಾ?" ಎಂದೆ.

"ನಿಮ್ಮ ಫಿಲ್ಟರ್!"

ಇವರಿಗೆ ಹೊಸ ಫಿಲ್ಟರ್ ಮಾರಿದ ನೆನಪೇ ಇರಲಿಲ್ಲ. ಬಿಡಿಸಿ ಕೇಳಿದ ಮೇಲೆ ವಿಷಯ ಹೊರಬಂತು. ಅವರು ಬಸ್ಸಿನಲ್ಲಿ ಹೋಗುವಾಗ ನನ್ನ ಬೋರ್ಡು ನೋಡಿದ್ದಾರೆ. ಬಸ್ಸು ಓಡುತ್ತಿದ್ದ ಕಾರಣ "ಏರ್ ಫಿಲ್ಟರ್, ತೊಳೆಯಬಹುದು" ಎಂಬಷ್ಟೇ ಓದಲಿಕ್ಕೆ ಸಿಕ್ಕಿದೆ. ಮನೆಗೆ ಹೋಗಿ ತಮ್ಮ ಲಾರಿಯ ಕಾಗದದ ಫಿಲ್ಟರನ್ನೇ ಬಿಚ್ಚಿ ವಾಷಿಂಗ್ ಮೆಷಿನಿಗೆ ಹಾಕಿದ್ದಾರೆ. ಒಂದನ್ನೇ ಹಾಕಿದರೆ ನೀರು ದಂಡ ಅಂತ ಜೊತೆಗೆ ತಮ್ಮ ಬಿಳಿ ಪಂಚೆಗಳನ್ನೂ, ಮನೆಯವರ ಬೆಡ್‌ಶೀಟನ್ನೂ ಹಾಕಿದ್ದಾರೆ.

"ಹೆಂಡತಿ ಎಂತ ಹೇಳಿದ್ರು?"

"ಅವಳು ಹೇಳಿದ್ದನ್ನು ನಿಮ್ಮ ಅಂಗಡಿಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ."

ಅವರದ್ದು ಕಂಪನಿಯ ಫಿಲ್ಟರ್, ನನ್ನ ಬೋರ್ಡಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ತಿಳಿದಾಗ ನನಗೆ ಒಂದು ಲೋಟ ತಣ್ಣಗಿನ ಮಜ್ಜಿಗೆ ಕುಡಿದಷ್ಟು ಹಾಯಾಯಿತು. ನಿಧಾನವಾಗಿ ತಿಳಿಸಿ ಹೇಳಿದೆ. ಹೊಸ ಕಾಗದದ ಫಿಲ್ಟರೊಂದನ್ನು ಕೊಟ್ಟು, "ಇದು ಧೂಳು ಹಿಡಿದ ಮೇಲೆ ಬದಲಾಯಿಸುವುದು, ಒಗೆಯುವುದಲ್ಲ," ಎಂದೆ. ಅವರು ಡಬ್ಬ ಮುಚ್ಚುತ್ತಾ ನಿಟ್ಟುಸಿರು ಬಿಟ್ಟರು.

"ನನ್ನ ಮಿಲ್ಲಿನ ಕುಚ್ಚಲಕ್ಕಿ ಬೆಂದು ಬೆಂದು ಗಂಜಿ ಆಗಲಿಕ್ಕೆ ಎಷ್ಟು ಹೊತ್ತು ಬೇಕು! ಈ ಫಿಲ್ಟರ್ ಒಂದೇ ಸುತ್ತಿನಲ್ಲಿ ಆಯ್ತು ನೋಡಿ."

ಬೆಳ್ತಂಗಡಿಯ ಎಣ್ಣೆ

ಬೆಳ್ತಂಗಡಿಯ ಹಾರ್ಡ್‌ವೇರ್ ಅಂಗಡಿಯವ ನಿಜವಾಗಿಯೂ ಹೊಸ ಫಿಲ್ಟರ್ ಒಯ್ದಿದ್ದ, ತನ್ನ ಸಣ್ಣ ಲಾರಿಗೆ. ತೊಳೆದ ಮೇಲೆ ಬಟ್ಟೆಗೆ ಎಣ್ಣೆ ಹಚ್ಚಬೇಕು ಅಂತ ನಾನೇ ಹೇಳಿದ್ದೆ. ಅದಕ್ಕೆಂದೇ ಇರುವ ಎಣ್ಣೆಯ ಸೀಸೆಯನ್ನೂ ತೋರಿಸಿದ್ದೆ. ಅವನು, "ಎಣ್ಣೆ ಮನೆಯಲ್ಲಿ ಉಂಟು," ಎಂದು ಹೋಗಿದ್ದ.

ಒಂದು ದಿನ ಫೋನು. "ಅಣ್ಣ, ಲಾರಿ ಏರು ಹತ್ತುದಿಲ್ಲ. ಕರಿ ಹೊಗೆ ಬರ್ತದೆ. ಹಿಂದಿನಿಂದ ಬರುವವರು ಬೈತಾರೆ."

"ಯಾವ ಎಣ್ಣೆ ಹಚ್ಚಿದ್ದೀಯ?"

"ತೆಂಗಿನೆಣ್ಣೆ. ನಮ್ಮದೇ ಗಾಣದ್ದು, ಕಲಬೆರಕೆ ಇಲ್ಲ."

ನಮ್ಮಲ್ಲಿ ತಲೆಗೂ ಅದೇ, ಸೊಂಟ ನೋವಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಲಾರಿಗೆ ಮಾತ್ರ ಬೇಡ ಅಂತ ಅವನಿಗೆ ಯಾರು ಹೇಳಬೇಕು? ಫಿಲ್ಟರಿನ ಮುಚ್ಚಳ ತೆಗೆದು ನೋಡಲು ಹೇಳಿದೆ. ಫೋನಿನಲ್ಲಿ ಟಕ ಟಕ ಸ್ಪ್ಯಾನರ್ ಶಬ್ದ, ಆಮೇಲೆ ಒಂದು ದೊಡ್ಡ ಬೊಬ್ಬೆ, ಆಮೇಲೆ ಯಾರೋ ಓಡಿದ ಸದ್ದು.

ಇಲಿ! ಅದೂ ಒಂಟಿಯಲ್ಲ, ಸಂಸಾರ ಸಮೇತ. ಗಾಳಿ ಎಳೆಯುವ ಪೈಪಿನ ಜಾಲರಿ ಕಡಿದು ಒಳಗೆ ಬಂದಿವೆ. ಇಲಿ ಬೋನಿಗೆ ಸುಟ್ಟ ತೆಂಗಿನಕಾಯಿ ಚೂರು ಇಡುವ ಊರು ನಮ್ಮದು. ಇವನು ಮೆತ್ತಗಿನ ಹತ್ತಿಗೆ ತೆಂಗಿನೆಣ್ಣೆ ಹಚ್ಚಿ, ಮೇಲೆ ಮುಚ್ಚಳ ಹಾಕಿ, ರಾತ್ರಿಯಿಡೀ ಅಂಗಳದಲ್ಲಿ ಇಟ್ಟಿದ್ದಾನೆ. ಹೆರಿಗೆ ಮನೆ ಇದಕ್ಕಿಂತ ಚೆನ್ನಾಗಿರಲು ಸಾಧ್ಯವೇ?

ಆದರೆ ನನಗೆ ಬೇಕಾದದ್ದು ಬೇರೆಯೇ. "ಅದು ಹೋಗ್ಲಿ. ಇಲಿ ಬರುವ ಮೊದಲು ಮೈಲೇಜ್ ಹೇಗಿತ್ತು?" ಎಂದು ಜೀವ ಬಿಗಿ ಹಿಡಿದು ಕೇಳಿದೆ.

"ಮೊದಲಾ? ಮೊದಲಿನ ಹಾಗೆಯೇ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ."

ಅಲ್ಲಿಗೆ ನನಗೆ ಖಾತ್ರಿಯಾಯಿತು. ಮೂಗು ಕಟ್ಟಿದವನಿಗೆ ಮೂಗು ಬಿಡಿಸಿದರೆ ಸುಖ. ಸರಿ ಇದ್ದ ಮೂಗಿಗೆ ಇನ್ನೂ ದೊಡ್ಡ ಹೊಳ್ಳೆ ಕೊಟ್ಟು ಎಂತ ಪ್ರಯೋಜನ? ಧೂಳು ತುಂಬದ ಕಂಪನಿ ಫಿಲ್ಟರ್ ಇದ್ದರೆ ಇಂಜಿನಿಗೆ ಅಷ್ಟೇ ಸಾಕು. ಹಾಜ್ಯಾರ್ ಆ ಹೊತ್ತಿಗೆ ಅರ್ಧ ತಿಂಗಳು ಅಳೆದು ಮುಗಿಸಿದ್ದರು.

ಇವನು ಫೋನ್ ಇಡುವ ಮೊದಲು ಕೇಳಿದ: "ಅಣ್ಣ, ಬೋರ್ಡಿನ ಪ್ರಕಾರ ಇದನ್ನು ವಾಪಸ್ ತರ್ಲಿಕ್ಕೆ ಆಗ್ತದಾ?"

"ಫಿಲ್ಟರ್ ತಾ ಮಾರಾಯ. ಬಾಣಂತಿಯನ್ನು ಅಲ್ಲಿಯೇ ಬಿಡು."

ಡ್ರೈವರನ ಮುಖ

ಆ ದಿವಸಗಳಲ್ಲಿ ಹಾಜ್ಯಾರ ಲಾರಿ ಕಂಡರೆ ನಾನು ಒಳಗಿನ ಗೋದಾಮಿಗೆ ಹೋಗಿ ಇಲ್ಲದ ಸಾಮಾನು ಹುಡುಕುತ್ತಿದ್ದೆ. ಒಂದು ಮಧ್ಯಾಹ್ನ ತಪ್ಪಿಸಿಕೊಳ್ಳಲು ಆಗಲಿಲ್ಲ. ಭಟ್ರ ಹೋಟೆಲಿನ ಎದುರು ಲಾರಿ ನಿಂತಿತ್ತು. ಹಾಜ್ಯಾರ್ ಕ್ಯಾಬಿನಿನಲ್ಲೇ ಕೂತು ಚಾ ಕುಡಿಯುತ್ತಿದ್ದರು.

"ಹೇಗುಂಟು ಹಾಜ್ಯಾರೇ?"

"ತಿಂಗಳು ಮುಗೀಲಿ, ಹೇಳ್ತೇನೆ. ಬೆನ್ನು ಮಾತ್ರ ಹೋಯ್ತು ಮಾರಾಯ್ರೆ. ಪುಣ್ಯಕ್ಕೆ ಸೀಟಿನ ಹಿಂದೆ ಯಾವುದೋ ಡಬ್ಬ ಉಂಟು, ಅದಕ್ಕೆ ಒರಗಿದ್ರೆ ಸ್ವಲ್ಪ ಆರಾಮ."

ಅವರ ಮುಖದಿಂದ ಏನೂ ಗೊತ್ತಾಗಲಿಲ್ಲ. ಡ್ರೈವರನ ಮುಖ ನೋಡಿದೆ. ಮೂವತ್ತರ ಹತ್ತಿರದ ಆಳು, ಸ್ಟ್ಯಾಂಡಿಗೆಲ್ಲ ತಮಾಷೆ ಹಂಚುವವ. ಈಗ ಕೆನ್ನೆ ಒಳಗೆ ಹೋಗಿತ್ತು. ಲಾರಿ ಡೀಸೆಲ್ ಜಾಸ್ತಿ ಕುಡಿದು ಇವನು ದಿನಾ ಬೈಸಿಕೊಳ್ಳುತ್ತಾ ಇರಬೇಕು ಅಂದುಕೊಂಡೆ. ಮೆಲ್ಲಗೆ ಬದಿಗೆ ಕರೆದು ಕೇಳಿದೆ.

"ಗಾಳಿ ಸರಿ ಎಳೀತದಾ ಮಾರಾಯ?"

"ಲಾರಿ ಲಾಯ್ಕ ಉಸಿರಾಡ್ತದೆ ಅಣ್ಣ. ಉಸಿರಾಡ್ಲಿಕ್ಕೆ ಆಗದೆ ಇರುದು ನನಗೆ."

ತೀರ್ಪು

ತಿಂಗಳು ಮುಗಿದ ಬೆಳಿಗ್ಗೆ ಹಾಜ್ಯಾರ್ ನೇರ ಅಂಗಡಿಯ ಎದುರೇ ಲಾರಿ ನಿಲ್ಲಿಸಿದರು. ಸುದ್ದಿ ಗೊತ್ತಿದ್ದ ಸ್ಟ್ಯಾಂಡಿನವರೆಲ್ಲ ಹಿಂದಿನಿಂದ ಬಂದರು. ಭಟ್ರು ಸೌಟು ಹಿಡಿದುಕೊಂಡೇ ಬಂದರು. ಹೆಂಡತಿ ಆ ದಿವಸ ಬೇಕೆಂದೇ ನನಗೆ ಊಟ ಕೊಡುವ ನೆವದಲ್ಲಿ ಅಂಗಡಿಗೆ ಬಂದಿದ್ದಳು, ಗಂಟೆ ಒಂಬತ್ತೂ ಆಗಿರಲಿಲ್ಲ.

ಹಾಜ್ಯಾರ್ ಬೆನ್ನು ಹಿಡಿದುಕೊಂಡು ಇಳಿದರು. ಬೋರ್ಡು ನೋಡಿದರು, ನನ್ನನ್ನು ನೋಡಿದರು. ನಾನು ಕಲ್ಲಡ್ಕದ ಅಂಗಡಿಯವನ ನಗುಮುಖವನ್ನು ಕಣ್ಣೆದುರು ಕಂಡೆ.

"ಭೇಷ್ ಮಾರಾಯ್ರೆ! ಹೋದ ತಿಂಗಳಿಗಿಂತ ಎಷ್ಟೋ ಕಮ್ಮಿ ಡೀಸೆಲ್. ನಾನೇ ನಂಬ್ಲಿಲ್ಲ, ಎರಡೆರಡು ಸಲ ನೋಡಿದೆ. ಎಲ್ಲ ಲಾರಿಗೂ ಒಂದೊಂದು ಕಟ್ಟಿ!"

ಸ್ಟ್ಯಾಂಡಿನವರು ಗುಂಪಾಗಿ ಮೆಟ್ಟಿಲು ಹತ್ತಿದರು. "ನನಗೊಂದು", "ನನಗೆರಡು". ಯಾವ ವ್ಯಾಪಾರಿಯಾದರೂ ಕುಣಿಯಬೇಕಾದ ಗಳಿಗೆ. ನನಗೆ ಮಾತ್ರ ಇಲಿ ಸಂಸಾರದ ಫೋನು ನೆನಪಾಯಿತು. ಬೆಳ್ತಂಗಡಿಯಲ್ಲಿ ಒಂದು ಹನಿ ಉಳಿಸದ ಫಿಲ್ಟರ್ ಸಿದ್ಧಕಟ್ಟೆಯಲ್ಲಿ ಹೇಗೆ ಉಳಿಸಿತು? ಇವತ್ತು ಇಷ್ಟು ಜನರಿಗೆ ಪ್ಲಾಸ್ಟಿಕ್ ಬಿಚ್ಚಿ ಕೊಟ್ಟರೆ, ಬರುವ ತಿಂಗಳು ಹಾಜ್ಯಾರ್ ಒಬ್ಬರಲ್ಲ, ಇಡೀ ಸ್ಟ್ಯಾಂಡು ಬೋರ್ಡಿನ ಕೆಳಗೆ ನಿಲ್ಲುತ್ತದೆ.

"ತಡೀರಿ, ತಡೀರಿ," ಎಂದೆ. "ಕೆಂಪುಕಲ್ಲಿನ ಧೂಳು ಸಾಮಾನ್ಯದ್ದಲ್ಲ. ಮೊದಲು ಹಾಕಿದ ಫಿಲ್ಟರ್ ಹೇಗುಂಟು ಅಂತ ನೋಡುವ. ಮತ್ತೆ ಕೊಡ್ತೇನೆ."

ಮುಚ್ಚಳ ನಾನೇ ಬಿಚ್ಚಿದೆ. ಒಳಗೆ ಇದ್ದದ್ದು ಕಾಗದದ ಫಿಲ್ಟರ್. ಹಳೆಯದು, ಕಂಪನಿಯದ್ದು. ಕುಟ್ಟಿ ಧೂಳು ಕೊಡವಿ ಚೊಕ್ಕ ಇಟ್ಟಿದ್ದರು.

ಎಲ್ಲರೂ ಡ್ರೈವರನ ಕಡೆ ತಿರುಗಿದರು.

"ಹೊಸದು ಎಲ್ಲಿ ಉಂಟು?" ಹಾಜ್ಯಾರ್ ಕೇಳಿದರು.

ಅವನು ಕ್ಯಾಬಿನಿಗೆ ಹತ್ತಿ ಸೀಟಿನ ಹಿಂದಿನಿಂದ ಡಬ್ಬ ತೆಗೆದ. ಪ್ಲಾಸ್ಟಿಕ್ ಬಿಚ್ಚಿಯೇ ಇರಲಿಲ್ಲ. ಮೇಲೆ ಪೂಜೆ ಮಾಡಿದ ಹಾಗೆ ಒಣಗಿದ ಮಲ್ಲಿಗೆ ಚೆಂಡು ಬೇರೆ. ಒಂದು ಬದಿ ಮಾತ್ರ ಹಾಜ್ಯಾರ ಬೆನ್ನಿನ ಆಕಾರಕ್ಕೆ ಸ್ವಲ್ಪ ತಗ್ಗಾಗಿತ್ತು.

"ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ ಹಾಜ್ಯಾರೇ. ಇಷ್ಟು ಚೆಂದದ ಸಾಮಾನು. ಕೋರೆಗೆ ಹೋದ್ರೆ ಒಂದೇ ದಿವಸದಲ್ಲಿ ಮಣ್ಣು ಹಿಡೀತದೆ. ಒಳ್ಳೇ ದಿವಸ ನೋಡಿ ಹಾಕುವ ಅಂತ ಇಟ್ಟದ್ದು."

ನಾನು ಅವನನ್ನು ಬೈಯಲಾರೆ. ನನ್ನ ಮನೆಯ ಸೋಫಾದ ಪ್ಲಾಸ್ಟಿಕ್ ಈಗಲೂ ತೆಗೆದಿಲ್ಲ. ಸೆಕೆಗಾಲದಲ್ಲಿ ಏಳುವಾಗ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ. ಹೆಂಡತಿಯ ಕಡೆ ನೋಡಿದೆ. ಅವಳು ಭಟ್ರ ಸೌಟು ನೋಡುತ್ತಿದ್ದಳು.

ಹಾಜ್ಯಾರ್ ಮಾತ್ರ ಲೆಕ್ಕದ ಮನುಷ್ಯ, ಬಿಡಲಿಲ್ಲ. "ಹಾಗಾದ್ರೆ ಡೀಸೆಲ್ ಉಳಿದದ್ದು ಹೇಗೆ? ಬದಲಾದದ್ದು ಒಂದೇ, ನಾನು ಕೂತದ್ದು. ನಾನಿಲ್ಲದಾಗ ಬೆಳ್ತಂಗಡಿಯಿಂದ ನೀನು ಹೇಗೆ ಬರ್ತಿದ್ದೆ?"

"ರಸ್ತೆಯಲ್ಲೇ."

"ಯಾವ ರಸ್ತೆ?"

ಡ್ರೈವರ್ ಟಯರನ್ನು ನೋಡಿದ. "ಕೊಕ್ಕಡಕ್ಕೆ ಹೋಗಿ."

ಬೆಳ್ತಂಗಡಿಯಿಂದ ಸಿದ್ಧಕಟ್ಟೆ ಈ ಕಡೆ, ಕೊಕ್ಕಡ ಪೂರಾ ಆ ಕಡೆ. ಕಲ್ಲು ಇಳಿಸಿದ ಖಾಲಿ ಲಾರಿ ಕೋರೆಗೆ ಬೆನ್ನು ಹಾಕಿ ಅಷ್ಟು ದೂರ ಉಲ್ಟಾ ಹೋಗುತ್ತಿತ್ತು.

"ಕೊಕ್ಕಡದಲ್ಲಿ ಎಂತ ಉಂಟು?"

"ಹುಡುಗಿ ಮನೆ. ನಿಶ್ಚಯ ಆಗಿದೆ ಹಾಜ್ಯಾರೇ," ಎಂದ, ಅದೇ ಒಂದು ಜಾಮೀನು ಎಂಬ ಹಾಗೆ. "ಬೇಲಿ ಹತ್ತಿರ ನಿಂತು ಎರಡು ಮಾತಾಡುದು ಅಷ್ಟೇ."

"ಇಂಜಿನ್ ಆಫ್ ಮಾಡಿ?"

"ಅದು ಹೇಗೆ ಮಾಡುದು? ಅವಳ ಅಣ್ಣ ಬಂದ್ರೆ ಕೂಡಲೇ ಹೊರಡಬೇಕಲ್ಲ!"

ಭಟ್ರು ಸೌಟನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕರು. ಹಾಜ್ಯಾರ್ ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಬೆನ್ನು ಹಿಡಿದುಕೊಂಡು ನಗಲು ಶುರು ಮಾಡಿದರು. "ಅಲ್ಲ ಮಾರಾಯ್ರೆ, ಒಂದು ತಿಂಗಳು ನಾನು ಒರಗಿದ್ದು ನಿಮ್ಮ ಫಿಲ್ಟರಿಗಾ!"

ನಾನು ಎದೆ ತುಂಬ ಗಾಳಿ ಎಳೆದುಕೊಂಡೆ, ಯಾವ ಫಿಲ್ಟರಿನ ಸಹಾಯವೂ ಇಲ್ಲದೆ. ಹಾಕದ ಫಿಲ್ಟರಿಗೆ ಜವಾಬ್ದಾರಿ ಇಲ್ಲ. ಬೋರ್ಡೂ ಸುಳ್ಳಾಗಲಿಲ್ಲ, ಮೈಲೇಜ್ ಹೆಚ್ಚಾಗಿತ್ತಲ್ಲ! ಸ್ಟ್ಯಾಂಡಿನವರು ಮೆಟ್ಟಿಲು ಇಳಿದರು. ಹಾಜ್ಯಾರ್ ಎಲ್ಲ ಲಾರಿಗೂ ಕಂಪನಿಯ ಕಾಗದದ ಫಿಲ್ಟರ್ ಬರೆಸಿದರು. ಕಲ್ಲಡ್ಕದ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಹೊರಡುವಾಗ ಮಾತ್ರ ತಮ್ಮ ಡ್ರೈವರುಗಳಿಗೆಲ್ಲ ಕೇಳುವ ಹಾಗೆ ಹೇಳಿದರು: "ಇವನ ಮದುವೆ ಆಗುವ ವರೆಗೆ ನಾನು ಇದರಲ್ಲೇ. ಮತ್ತೆ ಒಂದೊಂದು ತಿಂಗಳು ಒಂದೊಂದು ಲಾರಿಯಲ್ಲಿ ಕೂತುಕೊಳ್ತೇನೆ."

ಸೇಲ್ಸಿನವನಿಗೆ ಆ ದಿವಸವೇ ಫೋನ್ ಮಾಡಿದೆ. ಅವನು ಬಂದು ಪ್ಲಾಸ್ಟಿಕ್ ಬಿಚ್ಚದ್ದನ್ನೆಲ್ಲ ಲೆಕ್ಕ ಮಾಡಿ ವ್ಯಾನಿಗೆ ಹಾಕಿದ, ಮಲ್ಲಿಗೆ ಚೆಂಡು ಇದ್ದದ್ದನ್ನೂ ಸೇರಿಸಿ. ಬೋರ್ಡಿಗೆ ಸುಣ್ಣ ಬಳಿಯಲು ಪೈಂಟರ್ ಏಣಿ ಹತ್ತಿದ್ದ. ಅಷ್ಟರಲ್ಲಿ ನಮ್ಮ ಡ್ರೈವರ್ ಓಡಿಕೊಂಡು ಬಂದ. ಲಾರಿ ಸ್ವಲ್ಪ ದೂರದಲ್ಲಿ ನಿಂತಿತ್ತು, ಒಳಗೆ ಹಾಜ್ಯಾರ್, ಬೆನ್ನಿಗೆ ಈಗ ನಿಜವಾದ ತಲೆದಿಂಬು.

"ಅಳಿಸ್ಬೇಡಿ ಅಣ್ಣ, ಅಳಿಸ್ಬೇಡಿ! ವಾಪಸ್ ಅಂತ ಬರೆದದ್ದು ಉಂಟಲ್ಲ? ದಮ್ಮಯ್ಯ, ಹಾಜ್ಯಾರನ್ನು ವಾಪಸ್ ತಗೊಳ್ಳಿ!"

"ಆಗುದಿಲ್ಲ ಮಾರಾಯ," ಎಂದೆ. "ಪ್ಲಾಸ್ಟಿಕ್ ಬಿಚ್ಚಿ ಆಗಿದೆ."